ಗೆರೆ ಗುಡಿಸುವವರು

ಏನು ಕೆಲಸ ಅಲ್ಲಿ? ಫೋನಿನಲ್ಲಿ ಕೇಳಿದಳು ತಂಗಿ, ರೋಣದಿಂದ.
ಕಾಡು ಗುಡಿಸೋದು, ಅಂದೆ.
ಬಿದ್ದು ಬಿದ್ದು ನಕ್ಕಳು. ಗಂಡನನ್ನೂ ಕರೆದು ನಗಿಸಿದಳು:
ಅಂಗಳ ಗುಡಿಸು ಅಂದರೆ ಹಿತ್ತಲಿಂದ ಓಡುತ್ತಿದ್ದವನು
ಗೋವಾ ಸರ್ಕಾರದ ಕಾಡು ಗುಡಿಸುತ್ತಾನಂತೆ!

ನಿಜವೇ. ಜನವರಿ ಹುಟ್ಟಿತೆಂದರೆ
ಸತ್ತರಿಯ ಗುಡ್ಡದ ಬೆನ್ನೆಲುಬಿನ ಮೇಲೆ
ಹನ್ನೆರಡು ಜನ, ಹನ್ನೆರಡು ಕಸಬರಿಗೆ,
ಮೂರು ಮೀಟರು ಅಗಲ, ಕೆಂಪು ನೆಲ ಕಾಣುವ ತನಕ.
ಮತ್ತಿ, ಕಿಂದಳ, ನಂದಿ,
ಎಲ್ಲ ಮರಕ್ಕೂ ನಮ್ಮ ಬೆನ್ನ ಹಿಂದೆಯೇ ಎಲೆ ಉದುರಿಸುವ ಚಟ.
ಗಾಳಿ ಊದುವ ಯಂತ್ರವೂ ಒಂದಿದೆ, ಹೆಗಲಿಗೆ ಹಾಕುವಂಥದ್ದು;
ಅದರ ಪೆಟ್ರೋಲು ಮಂಜೂರಾಗುವುದು
ಮೊದಲ ಮಳೆ ಬಿದ್ದ ಮಾರನೆಯ ದಿನ.

"ಇದು ಲಕ್ಷ್ಮಣರೇಖೆ" ಅಂದರು ಪಣಜಿಯ ಸಾಹೇಬರು,
ಬೂಟಿನ ತುದಿಯಲ್ಲಿ ಗೆರೆ ಮುಟ್ಟಿ.
ಅವರ ಜೀಪು ತಿರುವು ದಾಟಿದ ಮೇಲೆ
ಗಾರ್ಡು ಉಲ್ಲಾಸ ಗಾವಸ ಮೆಲ್ಲಗೆ ಅಂದ:
ಗಾಳಿ ರಾಮಾಯಣ ಓದಿಲ್ಲ.

ಆಕಾಶದಲ್ಲೊಂದು ಕಣ್ಣಿದೆಯಂತೆ. ಕೆಳಗೆಲ್ಲಾದರೂ ಬಿಸಿ ಕಂಡರೆ
ಗಾವಸನ ಮೊಬೈಲಿಗೆ ಕೆಂಪು ಚುಕ್ಕೆ ಕಳಿಸುತ್ತದೆ.
ಮೊದಲ ಚುಕ್ಕೆ ಬಂದದ್ದು ರಾತ್ರಿ ಒಂದೂವರೆಗೆ.
ಕತ್ತಿ, ಕಸಬರಿಗೆ, ನೀರಿನ ಕ್ಯಾನು,
ಹೊಳೆ ದಾಟಿ, ಅರ್ಧ ಪ್ಯಾಂಟನ್ನು ಮುಳ್ಳಿಗೆ ಕೊಟ್ಟು
ಹೋಗಿ ನೋಡಿದರೆ
ಸತ್ಯವತಿಬಾಯಿಯ ಫೆಣಿ ಭಟ್ಟಿ.
ಸಾಲಾಗಿ ಐದು ಒಲೆ, ಹಂಡೆಗಳು ಉಸ್ಸೆನ್ನುತ್ತಿದ್ದವು.
"ಇಷ್ಟು ಜನವೇ? ಇನ್ನೂ ಇಳಿದಿಲ್ಲ, ಕೂತಿರಿ."

ಕೂತೆವು. ಅವಳು ಬಿಡಲಿಲ್ಲ:
"ನನ್ನ ಮಾವ ಇದ್ದಾಗ, ಇಬ್ಬನಿ ಆರುವ ಮೊದಲು
ಗೇರಿನ ಬುಡದಲ್ಲಿ ಚಾಪೆಯಗಲ, ಚಾಪೆಯಗಲ ಸುಡುತ್ತಿದ್ದ,
ಹಸಿಸೊಪ್ಪು ಹಿಡಿದು ಪಕ್ಕದಲ್ಲೇ ನಿಂತು,
ಕೂಸಿಗೆ ಎರೆದ ಹಾಗೆ.
ನೀವು ಬೇಡ ಅಂದಿರಿ, ದಂಡ ಅಂದಿರಿ.
ಈಗ ನೋಡಿ, ಮೊಣಕಾಲುದ್ದ ತರಗೆಲೆ.
ಇದು ಯಾರ ಲೆಕ್ಕಕ್ಕೆ?"
ಗಾವಸ ಮಾತಾಡಲಿಲ್ಲ.
ಗೇರುಮರಕ್ಕೆ ನೋಟೀಸು ಅಂಟಿಸಿದವನು ಅವನೇ.

ನಿಜವಾದದ್ದು ಬಂದ ದಿನ ಚುಕ್ಕೆ ಬರಲಿಲ್ಲ.
ಮಾರ್ಚಿಯ ಮಧ್ಯಾಹ್ನ. ಮೊದಲು ಮಂಗಗಳು ಬಂದವು,
ಆಮೇಲೆ ವಾಸನೆ,
ಆಮೇಲೆ ಸತ್ಯವತಿ, ಐದೂ ಒಲೆಗೆ ನೀರು ಹೊಯ್ದು,
ಹೆಗಲ ಮೇಲೆ ಹಸಿಕೊಂಬೆ.
ಒಂದು ಕಡೆ ಗೆರೆ ಹಿಡಿಯಿತು. ಬೆಂಕಿ ಅಂಚಿಗೆ ಬಂದು
ದಾರಿ ಮರೆತ ಎಮ್ಮೆಯಂತೆ ನಿಂತಿತು.
ಇನ್ನೊಂದು ಕಡೆ ಉರಿಯುವ ಎಲೆ, ಒಂದೇ ಒಂದು,
ಗಾಳಿ ಹತ್ತಿ ಆಚೆಗಿಳಿಯಿತು.
ಅದು ನಾನು ಗುಡಿಸಿದ ಜಾಗ.
ಯಾರೂ ಕೇಳಲಿಲ್ಲ. ಆದರೂ ಹೇಳುತ್ತೇನೆ, ನಾನು ಗುಡಿಸಿದ್ದು.

ಹೆಲಿಕಾಪ್ಟರು ಬಂತು, ಹೊಟ್ಟೆಯ ಕೆಳಗೆ ಬಕೆಟು ತೂಗಾಡಿಸುತ್ತ.
ಪಕ್ಕದ ಗುಡ್ಡಕ್ಕೆ ಸುರಿದು ಹೋಯಿತು.

ಗಾವಸ ಜೇಬಿಗೆ ಕೈ ಹಾಕಿದ.
ಕಚೇರಿಯ ಕಡ್ಡಿಪೆಟ್ಟಿಗೆ,
ರಿಜಿಸ್ಟರಿನಲ್ಲಿ ಸಹಿ ಮಾಡಿ ಪಡೆದದ್ದು.
ಅವಳ ಕಡೆ ತಿರುಗಿ,
ಮೇಷ್ಟರಿಗೆ ಮಗ್ಗಿ ಒಪ್ಪಿಸುವ ಹುಡುಗನ ದನಿಯಲ್ಲಿ ಕೇಳಿದ:
"ಬಾಯಿ, ನಿನ್ನ ಮಾವ ಹೇಗೆ ಹಚ್ಚುತ್ತಿದ್ದ?"

ತೋರಿಸಿದಳು. ಗಾಳಿಗೆ ಬೆನ್ನು ಕೊಟ್ಟು ಕೂತು,
ಚಾಪೆಯಗಲ, ಚಾಪೆಯಗಲ.
ಸಣ್ಣದು ದೊಡ್ಡದರ ಕಡೆಗೆ ತೆವಳಿತು;
ನಡುವೆ ತಿನ್ನಲು ಏನೂ ಉಳಿಯದೆ
ಕತ್ತಲಾಗುವ ಹೊತ್ತಿಗೆ ಎರಡೂ ಕೂತವು.

ರಾತ್ರಿ ರಿಜಿಸ್ಟರು. ಕಡ್ಡಿ ಖರ್ಚು: ಮೂರು.
ಗೀಚಿ, ನಾಲ್ಕು ಅಂತ ತಿದ್ದಿದ.
ಒಂದು ಸತ್ಯವತಿ ಒಯ್ದಿದ್ದಳು, ಆರಿದ ಒಲೆಗೆ.

ಒಂದೂವರೆಗೆ ಮೊಬೈಲು ಮಿನುಗಿತು.
ಎಲ್ಲಿಯ ಚುಕ್ಕೆ ಅಂತ ಹನ್ನೆರಡು ಜನಕ್ಕೂ ಗೊತ್ತು.
ಆದರೆ ನಿಯಮ ನಿಯಮವೇ, ಅಂದ ಗಾವಸ, ಬೂಟು ಹುಡುಕುತ್ತ.
ಕಸಬರಿಗೆ ಹೆಗಲಿಗೇರಿಸಿ ಹೊರಟೆವು.